ಬೆರಳಗಲದ ದಿನಗಳು

ಬ್ರೆಡ್ಡಿನ ಸಾಲಿನಲ್ಲಿ ನಿಂತಾಗಲೆಲ್ಲ ಅರ್ಪೆನಿಕ್‌ಗೆ ತನ್ನ ತಲೆಗೂದಲಿನ ಬಗ್ಗೆ ನಾಚಿಕೆಯಾಗುತ್ತಿತ್ತು. ಕೂದಲು ಸ್ವಚ್ಛವಾಗಿತ್ತು, ನಾಚಿಕೆಗೆ ಅದೇ ಕಾರಣ. ಕರೆಂಟಿಲ್ಲದ, ಗ್ಯಾಸಿಲ್ಲದ ಎರಡನೆಯ ಚಳಿಗಾಲ ಮುಗಿಯುತ್ತ ಬಂದಿತ್ತು. ಊರಿನ ಹೆಂಗಸರೆಲ್ಲ ಸೀಮೆಎಣ್ಣೆಯ ಹೊಗೆ ಹಿಡಿದ ಕೂದಲನ್ನು ಉಣ್ಣೆಯ ವಸ್ತ್ರದಲ್ಲಿ ಬಿಗಿದು ನಿಂತಿದ್ದರು. ಇವಳೊಬ್ಬಳು ಮಾತ್ರ ತಾನು ಕೆಲಸ ಮಾಡುವ ಸಂಸ್ಥೆಯಲ್ಲಿ, ಹರಳು ಬೆಳೆಸುವ ಕುಲುಮೆಯ ಗೋಡೆಯನ್ನು ತಣಿಸಿ ಹೊರಬರುವ ಬಿಸಿನೀರಿನಲ್ಲಿ ನಿನ್ನೆ ಸಂಜೆ ತಾನೇ ತಲೆಗೆ ಎರೆದುಕೊಂಡವಳು. ಎಷ್ಟು ಕೆಳಗೆ ಎಳೆದು ಕಟ್ಟಿದರೂ ವಸ್ತ್ರದ ಅಂಚಿನಿಂದ ಒಂದೆರಡು ಎಳೆ ಹೊರಗೆ ಜಾರಿ, ಅವಳು ಮಿಂದದ್ದನ್ನು ಊರಿಗೆಲ್ಲ ಸಾರುತ್ತಿದ್ದವು.

"ಸೋಪಿನ ವಾಸನೆ ಬರ್ತಿದೆ ಕಣ್ರೇ. ಯಾರ ಮನೇಲೋ ಮದುವೆ ಇರ್ಬೇಕು," ಎಂದಳು ಹಿಂದೆ ನಿಂತಿದ್ದವಳು.

"ಮದುವೆ ಅಲ್ವೇ, ಬಾಣಂತನ. ಅವರ ಹರಳಿಗೆ ಚಳಿ ಆಗ್ಬಾರ್ದು ಅಂತ ರಾತ್ರಿಯೆಲ್ಲ ಬೆಂಕಿ ಕಾಯಿಸ್ತಾರಂತೆ. ನಮ್ಮ ಮಕ್ಕಳಿಗೆ ಆದ್ರೆ ಪರವಾಗಿಲ್ಲ," ಎಂದಳು ಅವಳ ಪಕ್ಕದವಳು.

ಅರ್ಪೆನಿಕ್ ತಿರುಗಿ ನೋಡಲಿಲ್ಲ. ಬೇರೆ ದಿನವಾಗಿದ್ದರೆ ಏನಾದರೂ ಅಂದುಬಿಡುತ್ತಿದ್ದಳು. ಲೇಸರಿಗೆ ಬೇಕಾದ ಹರಳು ಒಂದು ಸಲ ಬೆಳೆಯಲು ಶುರುವಾದರೆ ವಾರಗಟ್ಟಲೆ ಕುಲುಮೆ ಆರುವ ಹಾಗಿಲ್ಲ, ಆರಿದರೆ ಅಷ್ಟೂ ಬಿರುಕು ಬಿಟ್ಟು ಹೋಗುತ್ತದೆ, ರಷ್ಯಾದ ಜೊತೆಗಿದ್ದ ಒಕ್ಕೂಟ ಒಡೆದ ಮೇಲೆ ಹೊರದೇಶದವರು ಕೇಳಿದ ಮೊದಲ ಹರಳು ಇದು, ಇದೂ ಕೆಟ್ಟರೆ ಸಂಸ್ಥೆಯ ಬಾಗಿಲು ಮುಚ್ಚುತ್ತಾರೆ, ಆಗ ಊರಿಗೇನು ಬೆಳಕು ಬಂದುಬಿಡುವುದಿಲ್ಲ ಎಂದೆಲ್ಲ. ಇಂಥ ಮಾತು ಹೇಳಿ ಹೇಳಿ ಅವಳಿಗೆ ಬಾಯಿಪಾಠವಾಗಿತ್ತು. ಆದರೆ ಇವತ್ತು ಅವಳ ಕಟ್ಟಡದ ಮುದುಕ ಸೆರೋಬ್ ಸತ್ತ ನಲವತ್ತನೆಯ ದಿನ. ಮಧ್ಯಾಹ್ನ ಎಲ್ಲರೂ ಗೋರಿಗೆ ಹೋಗಿ ಬಂದು ಅವನ ಮನೆಯಲ್ಲಿ ಉಣ್ಣಬೇಕು. ಅದಕ್ಕೂ ಮೊದಲು, ಬೆಳಿಗ್ಗೆ, ಉಜ್ಜುವ ಕಾರ್ಖಾನೆಯಿಂದ ಹರಳು ಹೊಳಪು ಹಾಕಿಸಿಕೊಂಡು ಬರುತ್ತದೆ. ಎರಡೂ ಒಂದೇ ದಿನಕ್ಕೆ ಬಿದ್ದದ್ದರಲ್ಲಿ ಅವಳ ಕೈವಾಡವೇನೂ ಇರಲಿಲ್ಲ. ಆದರೂ ಯಾರೋ ಬೇಕೆಂದೇ ಹೀಗೆ ಮಾಡಿ ಮರೆಯಲ್ಲಿ ನಿಂತು ತನ್ನನ್ನು ನೋಡುತ್ತಿದ್ದಾರೆ ಅನ್ನಿಸುತ್ತಿತ್ತು.

ಬ್ರೆಡ್ಡನ್ನು ಕೋಟಿನೊಳಗೆ ಇಟ್ಟುಕೊಂಡು ಅವಳು ಸಂಸ್ಥೆಯ ಕಡೆ ನಡೆದಳು. ದಾರಿಯ ಎರಡೂ ಬದಿ ಮೊದಲು ಮರಗಳಿದ್ದವು, ಈಗ ಮೊಳದುದ್ದದ ಬೊಡ್ಡೆಗಳು. ಅರಗಾತ್ಸ್ ಬೆಟ್ಟದ ಹಿಮ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಇಪ್ಪತ್ತು ವರ್ಷದ ಹಿಂದೆ ಇದೇ ದಾರಿಯಲ್ಲಿ ಸಂಸ್ಥೆಯ ಬಸ್ಸು ಓಡಿಸುತ್ತಿದ್ದವನು ಸೆರೋಬ್. ಕೆಲಸಕ್ಕೆ ಸೇರಿದ ಮೊದಲ ದಿನ ಅವಳು ತಪ್ಪು ನಿಲ್ದಾಣದಲ್ಲಿ ನಿಂತು ಬಸ್ಸು ತಪ್ಪಿಸಿಕೊಂಡಿದ್ದಾಗ, ತುಂಬಿದ ಬಸ್ಸನ್ನು ಹಿಂದಕ್ಕೆ ಓಡಿಸಿಕೊಂಡು ಬಂದು, "ಹತ್ತಮ್ಮ ತಾಯಿ, ನಿನ್ನೊಬ್ಬಳಿಗೋಸ್ಕರ ಭೂಮಿ ಹಿಂದಕ್ಕೆ ತಿರುಗಿದೆ," ಎಂದಿದ್ದ. ಒಳಗಿದ್ದವರೆಲ್ಲ ನಕ್ಕಿದ್ದರು. ಅವತ್ತು ಆದ ಅವಮಾನ ಅವಳಿಗೆ ಈಗಲೂ ನೆನಪಿದೆ, ಆದರೆ ಅದರಲ್ಲಿ ಕಹಿ ಯಾವಾಗಲೋ ಹೋಗಿತ್ತು. ಆಮೇಲೆ ಅವರಿಬ್ಬರೂ ಸಂಸ್ಥೆಯ ಬೇಲಿಯ ಪಕ್ಕದ ಒಂದೇ ಕಟ್ಟಡದಲ್ಲಿ ಮನೆ ಪಡೆದರು. ಅವನು ಹೆಂಡತಿ ಹೈಕುಷ್ ಜೊತೆ ನೆಲಮಹಡಿಯಲ್ಲಿ, ಇವಳು ಮೂರನೆಯದರಲ್ಲಿ. ನಿವೃತ್ತನಾದ ಮೇಲೂ ಅವನು ಮೆಟ್ಟಿಲ ಬುಡದಲ್ಲಿ ಉಣ್ಣೆಯ ಟೋಪಿ ಹಾಕಿಕೊಂಡು ನಿಂತು, "ಏನಮ್ಮ, ನಿನ್ನ ಮೂಲಂಗಿ ಎಷ್ಟುದ್ದ ಬಂತು?" ಎಂದು ಕೇಳುತ್ತಿದ್ದ. ಕಾದು ಕರಗಿದ ಪಾಕದಿಂದ ಹರಳನ್ನು ಮೇಲಕ್ಕೆ ಎಳೆಯುತ್ತಾರೆ ಎಂದು ಯಾರೋ ಹೇಳಿದ್ದರು. ನೆಲದಿಂದ ಎಳೆಯುವುದು ಅಂದರೆ ಮೂಲಂಗಿಯೇ ಎಂದು ಅವನು ತೀರ್ಮಾನಿಸಿಬಿಟ್ಟಿದ್ದ.

ಆ ಚಳಿಗಾಲದಲ್ಲಿ ಕರೆಂಟು ಇದ್ದ ಕಡೆಯಿಂದ ಇಲ್ಲದ ಮನೆಗೆ ಕದ್ದು ಎಳೆದ ತಂತಿಗೆ ಎಲ್ಲರೂ "ಎಡಗೈ ತಂತಿ" ಅನ್ನುತ್ತಿದ್ದರು. ಆಸ್ಪತ್ರೆಯಿಂದ, ಬ್ರೆಡ್ಡಿನ ಕಾರ್ಖಾನೆಯಿಂದ, ಗೋಡೆ ಮೇಲೆ, ಬೇಲಿ ಕೆಳಗೆ, ಅಂಥ ತಂತಿಗಳು ಹೋಗದ ಜಾಗವಿರಲಿಲ್ಲ. ಕುಲುಮೆಯ ಕೋಣೆಯಿಂದಲೂ ಒಂದು ಹೋಗಿತ್ತು. ಸೆರೋಬನಿಗೆ ಎದೆಯ ಕಾಯಿಲೆ, ಚಳಿ ಆಗುವುದಿಲ್ಲ ಎಂದು ಸಂಸ್ಥೆಯ ಹುಡುಗರು ಸೇರಿ ಕಿಟಕಿಯಿಂದ ಅವನ ಮನೆಗೆ ಒಂದು ತೆಳ್ಳನೆಯ ತಂತಿ ಎಳೆದುಕೊಟ್ಟಿದ್ದರು, ಒಂದೇ ಒಂದು ಹೀಟರಿಗೆ ಸಾಕಾಗುವಷ್ಟು. ಅದು ಎಲ್ಲರಿಗೂ ಗೊತ್ತಿತ್ತು, ಯಾರಿಗೂ ಗೊತ್ತಿರಲಿಲ್ಲ. ಕುಲುಮೆ ನೋಡಿಕೊಳ್ಳುವ ಅರ್ಪೆನಿಕ್ ಕೂಡ ಮೊದಮೊದಲು ಆ ತಂತಿಯನ್ನು ನೋಡಿದಾಗ ಮನಸ್ಸಿನಲ್ಲೇ ಹಿತಪಡುತ್ತಿದ್ದಳು. ಆಮೇಲೆ ಹರಳಿನ ನಡುಕ ಶುರುವಾಯಿತು. ಪ್ರತಿ ಸಂಜೆ, ಹೆಚ್ಚುಕಡಿಮೆ ಅದೇ ಹೊತ್ತಿಗೆ, ಪಾಕದ ಶಾಖ ಒಂದು ಸಲ ಕುಗ್ಗಿ ಮತ್ತೆ ಏರುತ್ತಿತ್ತು. ಅಷ್ಟು ಸಾಕು. ಆ ಹೊತ್ತಿನಲ್ಲಿ ಬೆಳೆದ ಹರಳಿನೊಳಗೆ ಒಂದು ಮಂಜಿನ ಪಟ್ಟೆ ಕೂರುತ್ತದೆ, ಲೇಸರಿನ ಬೆಳಕು ಅಲ್ಲಿ ಎಡವುತ್ತದೆ. ಸಂಜೆ ಅಂದರೆ ಊರಿನಲ್ಲಿ ಚಳಿ ಏರುವ ಹೊತ್ತು, ಮುದುಕ ಹೀಟರು ಹಾಕುವ ಹೊತ್ತು. ಇನ್ನೇನು ಬೇಕು ಸಾಕ್ಷಿಗೆ.

ಅವತ್ತು ಸಂಜೆ ಅವಳು ಕೋಣೆಯಲ್ಲಿ ಒಬ್ಬಳೇ ಇದ್ದಳು. ಕತ್ತರಿಸುವಾಗ ಕೈ ನಡುಗಲಿಲ್ಲ ಅನ್ನುವುದೇ ಈಗ ಅವಳನ್ನು ಹೆಚ್ಚು ಬಾಧಿಸುತ್ತಿತ್ತು. ಇಕ್ಕಳ ತೆಗೆದುಕೊಂಡಳು, ಕಿಟಕಿಯ ಸಂದಿಯ ಹತ್ತಿರ ತಂತಿಯನ್ನು ಕಡಿದಳು, ಎರಡೂ ತುದಿಗೆ ಬಟ್ಟೆ ಸುತ್ತಿ ಹಿಂದಕ್ಕೆ ತಳ್ಳಿದಳು. ಹರಳು ಮುಗಿಯುವ ತನಕ ಮಾತ್ರ, ಆಮೇಲೆ ನಾನೇ ಕೂಡಿಸುತ್ತೇನೆ, ಅಂದುಕೊಂಡಳು. ನಾಳೆ ಬೆಳಿಗ್ಗೆ ಅವರಿಗೆ ಒಂದು ಕ್ಯಾನು ಬಿಸಿನೀರು ಹೆಚ್ಚಿಗೆ ಒಯ್ದು ಕೊಡುತ್ತೇನೆ, ಅಂತಲೂ ಅಂದುಕೊಂಡಳು. ಬೆಳಗಾಗುವುದರೊಳಗೆ ಸೆರೋಬ್ ಸತ್ತಿದ್ದ. ಕ್ಯಾನು ಹಿಡಿದು ಬಂದವಳಿಗೆ ತೆರೆದ ಬಾಗಿಲು ಕಂಡಿತು, ಒಳಗೆ ಕೋಟು ಹಾಕಿಕೊಂಡೇ ಮಲಗಿದ್ದ ಅವನ ಕಾಲುಗಳು ಕಂಡವು. ಆ ನೀರಿನಿಂದಲೇ ಅವನನ್ನು ತೊಳೆದರು. "ನಿನ್ನ ನೋವು ನನಗಿರಲಿ ಕಣೇ, ನೀನು ತರದೇ ಇದ್ದಿದ್ರೆ ಅವನನ್ನ ಐಸ್ ನೀರಲ್ಲಿ ತೊಳೀಬೇಕಿತ್ತು," ಎಂದು ಹೈಕುಷ್ ಅವಳ ಕೈ ಹಿಡಿದುಕೊಂಡಿದ್ದಳು. ತಂತಿಯ ಮಾತನ್ನು ಯಾರೂ ಎತ್ತಲಿಲ್ಲ. ಅವಳು ಕಾದಳು, ಇವತ್ತು ಕೇಳುತ್ತಾರೆ, ನಾಳೆ ಕೇಳುತ್ತಾರೆ ಎಂದು. ಯಾರೂ ಕೇಳದೆ ಇದ್ದಾಗ, ಕೇಳದೆ ಇರುವುದರ ಮೇಲೇ ಸಿಟ್ಟು ಬಂತು.

ಒಂದೇ ಒಂದು ಸಮಾಧಾನ ಉಳಿದಿತ್ತು, ಅದನ್ನು ಅವಳು ಯಾರ ಮುಂದೆಯೂ ಹೇಳುವ ಹಾಗಿರಲಿಲ್ಲ. ಕತ್ತರಿಸಿದ ಸಂಜೆಯಿಂದ ಆಚೆಗೆ ಹರಳು ತಿಳಿಯಾಗಿ ಬಂದಿದ್ದರೆ ಆ ಕೆಲಸಕ್ಕೆ ಒಂದು ಕಾರಣವಾದರೂ ಇತ್ತು ಅಂತಾಗುತ್ತದೆ. ಒಬ್ಬ ಮುದುಕನ ಜೀವಕ್ಕೆ ಒಂದು ಹರಳು ಸಮ ಎಂದು ಅವಳು ಎಂದೂ ಹೇಳುತ್ತಿರಲಿಲ್ಲ. ಹಾಗೆ ಯೋಚಿಸುವುದಕ್ಕೇ ಹೇಸಿಗೆಯಾಗುತ್ತಿತ್ತು. ಆದರೂ ರಾತ್ರಿ ಹಾಸಿಗೆಯಲ್ಲಿ ಕಣ್ಣು ಮುಚ್ಚಿದರೆ ಹರಳಿನ ಆ ಕೆಳಗಿನ ಭಾಗವೇ ಬರುತ್ತಿತ್ತು, ತಿಳಿಯಾಗಿ, ನೇರಳೆ ಬಣ್ಣದ ನೆರಳಿನ ಹಾಗೆ. ದೇವರೇ, ಅಷ್ಟಾದರೂ ಇರಲಿ, ಎಂದು ಬೇಡಿಕೊಳ್ಳುತ್ತಿದ್ದಳು. ಗಂಡ ಕೆಲಸ ಹುಡುಕಿಕೊಂಡು ರಷ್ಯಾಕ್ಕೆ ಹೋಗಿ ವರ್ಷವಾಗಿತ್ತು. ಅವನಿಗಾಗಿ ಕೂಡ ಅವಳು ಇಷ್ಟು ಬೇಡಿಕೊಂಡಿರಲಿಲ್ಲ.

ಕುಲುಮೆಯ ಕೋಣೆಯಲ್ಲಿ ಎಂದಿನ ಗುಂಯ್ ಸದ್ದು. ಹಳೆಯ ಹರಳಿನ ಜಾಗದಲ್ಲಿ ಹೊಸದೊಂದು ಬೆಳೆಯಲು ಶುರುವಾಗಿ ಕೆಲವು ದಿನವಾಗಿತ್ತು. ನೋಡುವ ಕಿಂಡಿಯಲ್ಲಿ ಬಿಳಿಯ ಬೆಂಕಿ, ಅದರ ನಡುವೆ ಬಿತ್ತನೆಯ ಕಡ್ಡಿ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ತಿರುಗುತ್ತ ಮೇಲೇರುತ್ತಿತ್ತು. ನಿನ್ನೆಯ ಪಾಳಿಯ ನೊರೈರ್ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ. ಅವನು ಅವಳಿಗಿಂತ ಹತ್ತು ವರ್ಷಕ್ಕೆ ಚಿಕ್ಕವನು, ಅವಳೇ ಕೆಲಸ ಕಲಿಸಿದವನು, ಬಾಯಿ ಮಾತ್ರ ಹುಟ್ಟಿನಿಂದ ಬಂದದ್ದು.

"ಬಂದ್ಯಾ ಅರ್ಪೆನಿಕ್ ಬಂಗಾರ? ನಿನ್ನ ಮಗಳು ಬಂದಿದ್ದಾಳೆ, ಮೈ ಉಜ್ಜಿಸ್ಕೊಂಡು," ಎಂದು ಮೇಜಿನ ಮೇಲಿನ ಪೆಟ್ಟಿಗೆ ತೋರಿಸಿದ.

"ತೆಗೆದು ನೋಡಿದ್ಯಾ?"

"ನಾನ್ಯಾಕೆ ನೋಡ್ಲಿ? ಹೆತ್ತವಳು ನೋಡ್ಬೇಕು ಮೊದಲು. ಹೆಣ್ಣು ನೋಡೋಕೆ ಬಂದವನ ಥರ ಮೂಲೇಲಿ ಕೂತಿದ್ದೀನಿ."

ಅವಳು ಕೋಟು ತೆಗೆದಳು, ಕೈ ತೊಳೆದಳು, ಬ್ರೆಡ್ಡನ್ನು ಬಿಸಿ ಕೊಳವೆಯ ಮೇಲೆ ಇಟ್ಟಳು, ಕೈಯನ್ನು ಇನ್ನೊಂದು ಸಲ ತೊಳೆದಳು. ನೊರೈರ್ ನೋಡುತ್ತಿದ್ದಾನೆ ಎಂದು ಗೊತ್ತಾಗಿ ಪೆಟ್ಟಿಗೆಯ ಮುಚ್ಚಳ ತೆಗೆಯಬೇಕಾಯಿತು. ಹತ್ತಿಯ ನಡುವೆ ಹರಳು ಮಲಗಿತ್ತು, ಮುಂಗೈಗಿಂತ ಸ್ವಲ್ಪ ಚಿಕ್ಕದು, ಮೇಲೆ ಭುಜದ ಹಾಗೆ ಇಳಿಜಾರು, ಕೆಳಗೆ ಒಂದೇ ದಪ್ಪ. ಎರಡು ಪಕ್ಕಗಳನ್ನು ಸಪಾಟಾಗಿ ಉಜ್ಜಿ ಕನ್ನಡಿ ಮಾಡಿದ್ದರು. ಬರಿಗಣ್ಣಿಗೆ ಅದರಲ್ಲಿ ಏನೂ ದೋಷವಿರಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದರೆ ತಿಳಿ ನೇರಳೆ, ದೀಪಕ್ಕೆ ಹಿಡಿದರೆ ಅದೇ ಸ್ವಲ್ಪ ಗುಲಾಬಿ. ಎಷ್ಟು ಚೆನ್ನಾಗಿದೆ, ಇಲ್ಲೇ ನಿಲ್ಲಿಸಿಬಿಟ್ಟರೆ ಆಗುವುದಿಲ್ಲವೇ ಅನ್ನಿಸಿತು. ಬರಿಗಣ್ಣಿಗೆ ಚೆನ್ನಾಗಿ ಕಾಣುವ ಹರಳುಗಳನ್ನು ಅವಳು ಬೇಕಾದಷ್ಟು ಎಸೆದಿದ್ದಳು.

ದೀಪದ ಮುಂದೆ ಒಂದು ಕಪ್ಪು ಗಾಜು, ಕಣ್ಣಿನ ಮುಂದೆ ಇನ್ನೊಂದು. ಎರಡನ್ನೂ ಅಡ್ಡಡ್ಡ ತಿರುಗಿಸಿದರೆ ನಡುವೆ ಪೂರ್ತಿ ಕತ್ತಲು. ಆ ಕತ್ತಲಿನಲ್ಲಿ ಹರಳನ್ನು ಇಟ್ಟರೆ ಒಳಗೆ ಎಲ್ಲಿ ನೋವಿದೆಯೋ ಅಲ್ಲಿ ಮಾತ್ರ ಬೆಳಕು ಬರುತ್ತದೆ. ಹರಳು ದಿನಕ್ಕೆ ಒಂದು ಬೆರಳಗಲ ಬೆಳೆಯುತ್ತದೆ, ಮೊದಲ ದಿನ ಮೇಲೆ, ಕಡೆಯ ದಿನ ಕೆಳಗೆ. ಅದನ್ನು ಕಲಿಸಿದವರಾರೂ ಇಲ್ಲ, ಇಲ್ಲಿ ಕೆಲಸ ಮಾಡುವ ಎಲ್ಲರೂ ಬೆರಳಿಟ್ಟೇ ದಿನ ಹುಡುಕುತ್ತಾರೆ. ಮೊದಲು ಅವಳಿಗೆ ಒಂದು ದಪ್ಪನೆಯ ಗಾಯ ಕಂಡಿತು. ಸಂಸ್ಥೆಗೆ ಕರೆಂಟು ತರುವ ಮುಖ್ಯ ಸಾಲೇ ಬಿದ್ದು, ಡೀಸೆಲ್ ಯಂತ್ರ ಹತ್ತಿಕೊಳ್ಳುವ ತನಕ ಎಲ್ಲರೂ ಉಸಿರು ಬಿಗಿಹಿಡಿದು ನಿಂತ ದಿನ ಅದು. ತಂತಿ ಕಡಿದದ್ದು ಅದಾದ ಮೂರನೆಯ ದಿನ. ಅಲ್ಲಿಂದ ಕೆಳಗೆ ತೋರುಬೆರಳು, ನಡುಬೆರಳು, ಉಂಗುರದ ಬೆರಳು ಇಟ್ಟು, ಉಂಗುರದ ಬೆರಳನ್ನು ಎತ್ತಿದಳು. ಆ ಸಂಜೆ ಇಲ್ಲಿದೆ. ಇದರ ಮೇಲೆ ಸೆರೋಬ್ ಬದುಕಿದ್ದ, ಇದರ ಕೆಳಗೆ ಸತ್ತಿದ್ದಾನೆ. ಮೇಲ್ಗಡೆ, ಗಾಯದ ಆಚೆಗೂ ಈಚೆಗೂ, ಬೆರಳಗಲಕ್ಕೆ ಒಂದೊಂದು ಮಂಜಿನ ಪಟ್ಟೆ. ಅದು ಇರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಕಣ್ಣನ್ನು ಕೆಳಗೆ ಇಳಿಸಿದಳು. ಒಂದು ಬೆರಳಗಲ, ಒಂದು ಪಟ್ಟೆ. ಇನ್ನೊಂದು ಬೆರಳಗಲ, ಇನ್ನೊಂದು ಪಟ್ಟೆ. ಬಾಲದ ತುದಿಯವರೆಗೂ ಹಾಗೆಯೇ, ಒಂಚೂರೂ ವ್ಯತ್ಯಾಸವಿಲ್ಲದೆ, ಏನೂ ನಡೆದೇ ಇಲ್ಲವೇನೋ ಅನ್ನುವ ಹಾಗೆ.

ಹರಳನ್ನು ತಿರುಗಿಸಿ ಇನ್ನೊಂದು ಪಕ್ಕ ನೋಡಿದಳು. ತಲೆಕೆಳಗು ಮಾಡಿ ನೋಡಿದಳು, ಅದರಿಂದ ಪಟ್ಟೆಗಳೇನಾದರೂ ಉದುರಿಹೋಗುತ್ತವೆಯೇ. ಹಾಗಾದರೆ ಹೀಟರಲ್ಲ. ಹೀಟರಲ್ಲ ಎಂದರೆ ತಂತಿಯಲ್ಲ. ತಂತಿಯಲ್ಲ ಎಂದರೆ, ಎಂದು ಅವಳ ಮನಸ್ಸು ಮೆಟ್ಟಿಲಿಳಿಯುವ ಹಾಗೆ ಒಂದೊಂದೇ ಇಳಿಯಿತು, ಕಡೆಯ ಮೆಟ್ಟಿಲಿಗೆ ಬಂದು ನಿಂತಿತು. ಆ ಸಂಜೆ ಇಕ್ಕಳ ಹಿಡಿದ ಕೈಯನ್ನು ಅವಳು ತೊಡೆಯ ಮೇಲೆ ಇಟ್ಟುಕೊಂಡು ಕೂತಳು.

"ಏನಂತೆ?" ಎಂದ ನೊರೈರ್, ಹಿಂದೆ ಬಂದು ಬಗ್ಗಿ ನೋಡಿ. "ಹಾಳಾಗಿ ಹೋಗ್ಲಿ. ಇದು ಹರಳಲ್ಲ, ನಾವಿಕರ ಪಟ್ಟೆಪಟ್ಟೆ ಬನಿಯನ್ನು."

"ಎಲ್ಲಿಂದ ಬಂತು ನೊರೈರ್ ಇದು? ಪ್ರತಿ ಸಂಜೆ ಎಲ್ಲಿಂದ ಬರ್ತಿತ್ತು?"

"ನೀನೇ ಹೇಳ್ತಿದ್ದೆಯಲ್ಲ, ಮುದುಕನ ಹೀಟರು ಅಂತ. ಅವನು ಹೋಗಿ ಇವತ್ತಿಗೆ ನಲವತ್ತಾಯ್ತು. ಅವನ ಮೇಲೆ ಹಾಕೋಣ ಬಿಡು, ಬಂದು ಜಗಳ ಆಡಲ್ಲ." ಅವನು ತಮಾಷೆ ಮಾಡಲು ನೋಡಿದ, ಅದು ಸರಿಹೋಗಲಿಲ್ಲ ಎಂದು ಅವನಿಗೇ ಗೊತ್ತಾಯಿತು. "ದೇವರು ಅವನ ಆತ್ಮಕ್ಕೆ ಬೆಳಕು ಕೊಡ್ಲಿ. ತಡಿ, ಕಾಫಿ ಮಾಡ್ತೀನಿ. ಹೊಟ್ಟೆಗೇನಾದ್ರೂ ಬಿಸಿ ಬೀಳ್ಲಿ, ಆಮೇಲೆ ಅಳೋಣಂತೆ."

ಕಾಫಿ ಅಂದರೆ ಆ ವರ್ಷ ಹುರಿದ ಬಾರ್ಲಿ, ಅದಕ್ಕೆ ಹೆಸರಿಗೆ ನಾಲ್ಕು ಕಾಫಿ ಬೀಜ. ಪಾಳಿ ಬದಲಾಗುವಾಗ ಅದನ್ನು ಮಾಡಿ ಕುಡಿಯದೆ ಯಾರೂ ಯಾರಿಗೂ ಕುಲುಮೆ ಒಪ್ಪಿಸುತ್ತಿರಲಿಲ್ಲ. ಪಾಳಿ ಇಡೀ ಒಂದು ದಿನದ್ದು, ಹಿಂದಿನ ಹರಳಿಗೆ ಅದು ಬದಲಾಗುತ್ತಿದ್ದದ್ದು ಸಂಜೆ, ಇದಕ್ಕೆ ಬೆಳಿಗ್ಗೆ. ನೊರೈರ್ ಹಿತ್ತಾಳೆಯ ಪುಟ್ಟ ಪಾತ್ರೆಗೆ ನೀರು ಹಾಕಿ ವಿದ್ಯುತ್ ಒಲೆಯ ಮೇಲಿಟ್ಟ. ಕೋಣೆಯ ಬೇರೆ ಪ್ಲಗ್ಗಿನ ಗೂಡುಗಳೆಲ್ಲ ಸುಟ್ಟು ಯಾವ ಕಾಲವೋ ಆಗಿತ್ತು. ಒಲೆಯ ಪ್ಲಗ್ಗನ್ನು ಕುಲುಮೆಯ ಶಾಖ ಕಾಯುವ ಬೀರುವಿನ ಪಕ್ಕದ ಗೂಡಿಗೆ ಹಾಕುವುದು ಎಲ್ಲರ ರೂಢಿ. ಹಾಕಿದ ಮೇಲೆ ಎಲ್ಲರೂ ಬೀರುವಿಗೆ ಬೆನ್ನು ಮಾಡಿ ಒಲೆಯ ಸುತ್ತ ಕೈ ಕಾಯಿಸುತ್ತ ಕೂರುತ್ತಿದ್ದರು, ನೊರೆ ಉಕ್ಕುವುದನ್ನು ನೋಡುತ್ತಿದ್ದರು. ಉಕ್ಕಿದ ಮೇಲೆ ಪ್ಲಗ್ಗು ಕಿತ್ತು, ಲೋಟ ಹಿಡಿದು ಬೀರುವಿನ ಕಡೆ ತಿರುಗಿ, "ನೋಡು, ಮತ್ತೆ ಕುಗ್ಗಿ ಏರಿದೆ, ಮುದುಕ ಹೀಟರು ಹಾಕಿದ," ಎಂದು ನಿಟ್ಟುಸಿರು ಬಿಡುತ್ತಿದ್ದರು. ಇವತ್ತು ಅರ್ಪೆನಿಕ್ ಒಲೆಯ ಹತ್ತಿರ ಹೋಗಲಿಲ್ಲ. ಹರಳಿನ ಮುಂದೆ ಕೂತಲ್ಲಿಂದ ಅವಳಿಗೆ ಬೀರುವಿನ ಮೇಲಿನ, ಶಾಖ ತೋರಿಸುವ ಮುಳ್ಳು ನೇರ ಕಾಣುತ್ತಿತ್ತು. ನೊರೈರ್ ಪ್ಲಗ್ಗು ಹಾಕಿದ. ಮುಳ್ಳು ಒಂದು ಕೂದಲೆಳೆಯಷ್ಟು ಕೆಳಗೆ ಬಂತು, ಮತ್ತೆ ಒಂದಿಷ್ಟು ಬಂತು, ಅಲ್ಲೇ ನಿಂತಿತು.

ಅವಳು ಕೂಗಲಿಲ್ಲ. "ಪ್ಲಗ್ಗು ತೆಗಿ," ಎಂದಳು. ಅವನು ತೆಗೆದ. ಮುಳ್ಳು ಮೇಲೇರಿತು. "ಹಾಕು." ಕೆಳಗಿಳಿಯಿತು. "ತೆಗಿ."

"ನಿನ್ನ ತಲೆ," ಎಂದ ನೊರೈರ್ ನಿಧಾನವಾಗಿ. ಯಾರ ತಲೆಯೋ ತಿಳಿಯಲಿಲ್ಲ. ಅವನು ಗೋಡೆಗೆ ಒರಗಿ ನಿಂತು, ಆಮೇಲೆ ನಗಲು ಶುರುಮಾಡಿದ, ಸದ್ದಿಲ್ಲದ ನಗು, ಭುಜ ಮಾತ್ರ ಕುಣಿಯುವಂಥದ್ದು. "ಕುಡಿದುಬಿಟ್ವಿ ಕಣೇ. ಇಡೀ ಹರಳನ್ನ ಗುಟುಕು ಗುಟುಕಾಗಿ ಕುಡಿದುಬಿಟ್ವಿ. ಅದೂ ಬಾರ್ಲಿ ಕಾಫಿ. ನಿಜವಾದದ್ದಾಗಿದ್ರೆ ಅಷ್ಟಾದ್ರೂ ಸಮಾಧಾನ ಇರ್ತಿತ್ತು."

ಅವನಿಗೆ ನಗುವುದು ಸಾಧ್ಯವಿತ್ತು. ಅವನು ತಂತಿ ಕಡಿದಿರಲಿಲ್ಲ. ಹೇಳಿಬಿಡಲೇ ಎಂದು ಅವಳಿಗೆ ಅನ್ನಿಸಿತು, ನಾಲಿಗೆಯ ತುದಿಗೆ ಬಂತು. ಆದರೆ ಅವನು ಅದನ್ನೂ ಒಂದು ತಮಾಷೆ ಮಾಡಿ ಹಗುರ ಮಾಡಿಬಿಟ್ಟರೆ ತನಗೆ ಅದು ಹಗುರವಾಗಿಬಿಡಬಹುದು ಅನ್ನಿಸಿ ಹೆದರಿಕೆಯಾಯಿತು. ಹರಳನ್ನು ಹತ್ತಿಯಲ್ಲಿ ಮುಚ್ಚಿದಳು. ಬೆಚ್ಚಗಿದ್ದ ಬ್ರೆಡ್ಡನ್ನು ತೆಗೆದುಕೊಂಡಳು. ಈ ಕೋಣೆಯಲ್ಲಿ ಎಲ್ಲವೂ ಬೆಚ್ಚಗಿತ್ತು, ಗೋಡೆ, ನೀರು, ಕುರ್ಚಿಯ ಕಬ್ಬಿಣ ಕೂಡ. ಇಷ್ಟು ಬಿಸಿಯಲ್ಲಿ ಕೂತವರಿಗೆ ಇನ್ನೂ ಒಂದು ಲೋಟ ಬಿಸಿ ಬೇಕಾಗಿತ್ತು. ಅವಳಿಗೆ ತನ್ನ ಮೈಯ ಮೇಲೇ ಅಸಹ್ಯವಾಯಿತು.

ಗೋರಿಯ ಹತ್ತಿರ ಹಿಮ ಕರಗಿ ಕೆಸರಾಗಿತ್ತು. ಧೂಪ ಹತ್ತಿಕೊಳ್ಳದೆ ಹೈಕುಷ್‌ಳ ತಮ್ಮ ಊದಿ ಊದಿ ಕೆಮ್ಮಿದ. ನಲವತ್ತು ದಿನದ ಗಡ್ಡದಲ್ಲಿ ಅವನು ತನಗಿಂತ ದೊಡ್ಡವನಾದ ಯಾರೋ ಆಗಿ ಕಾಣುತ್ತಿದ್ದ. ಕುಲುಮೆಗೆ ಸಂಸ್ಥೆಯ ಇನ್ನೊಬ್ಬ ಹುಡುಗನನ್ನು ಕೂರಿಸಿ ಬಂದ ಅರ್ಪೆನಿಕ್ ಎಲ್ಲರ ಹಿಂದೆ ನಿಂತಿದ್ದಳು. ಹೈಕುಷ್ ಅಳಲಿಲ್ಲ. ಸತ್ತ ದಿನವೂ ಅವಳು ಅತ್ತಿರಲಿಲ್ಲ, ಹೂಳುವಾಗಲೂ ಇಲ್ಲ. ಕಣ್ಣೀರು ಕೂಡ ಹೆಪ್ಪುಗಟ್ಟಿದೆ ಎಂದು ಅಕ್ಕಪಕ್ಕದವರು ಮಾತಾಡಿಕೊಂಡಿದ್ದರು. ಇದನ್ನು ನೋಡುವಾಗ ಅರ್ಪೆನಿಕ್‌ಗೆ ಹೈಕುಷ್ ತನಗಾಗಿಯೇ ಅಳುವನ್ನು ಹಿಡಿದಿಟ್ಟುಕೊಂಡಿದ್ದಾಳೆ, ಸತ್ಯ ಗೊತ್ತಾಗುವ ತನಕ ಅಳುವುದಿಲ್ಲ ಎಂದು ಶಪಥ ಮಾಡಿದ್ದಾಳೆ ಅನ್ನಿಸುತ್ತಿತ್ತು. ಊಟದ ಮನೆಯಲ್ಲಿ, ಎಲ್ಲರೂ ಹೋದ ಮೇಲೆ, ಹೇಳಿಬಿಡುತ್ತೇನೆ. ತಂತಿ ಕಡಿದದ್ದು ನಾನು, ಕಾರಣವಿಲ್ಲದೆ ಕಡಿದೆ ಎಂದು. ಕಾರಣವಿದ್ದಿದ್ದರೆ ಹೇಳದೆ ಇರಬಹುದಿತ್ತು, ಈಗ ಅದಕ್ಕೂ ದಾರಿಯಿಲ್ಲ.

ಮನೆಯಲ್ಲಿ ಮೇಜನ್ನು ಎರಡು ಬಾಗಿಲು ಕಿತ್ತು ಜೋಡಿಸಿ ಉದ್ದ ಮಾಡಿದ್ದರು. ಬೇಯಿಸಿದ ಆಲೂಗಡ್ಡೆ, ಬೀನ್ಸು, ಒಣಗಿದ ಲವಾಶ್ ರೊಟ್ಟಿಗೆ ನೀರು ಚಿಮುಕಿಸಿ ಮೆತ್ತಗೆ ಮಾಡಿದ್ದು, ಯಾರೋ ಎಲ್ಲಿಂದಲೋ ತಂದ ಹಿಟ್ಟಿನಲ್ಲಿ ಸತ್ತವರ ಹೆಸರಿನ ಹಲ್ವ. ಮೂಲೆಯ ತಗಡಿನ ಒಲೆಯಲ್ಲಿ ಒಂದು ಜೊತೆ ಹಳೇ ಬೂಟು ಉರಿಯುತ್ತಿತ್ತು. ಹೈಕುಷ್‌ಳ ತಮ್ಮ ಎದ್ದು ನಿಂತು ಮಾತಾಡಿದ: ಒಳ್ಳೆಯ ಮನುಷ್ಯ, ಯಾರನ್ನೂ ದಾರಿಯಲ್ಲಿ ಬಿಟ್ಟು ಬಂದವನಲ್ಲ, ದೇವರು ಅವನ ಆತ್ಮಕ್ಕೆ ಬೆಳಕು ಕೊಡಲಿ. ಗಂಡಸರು ಲೋಟ ಎತ್ತಿದರು. ಸಾವಿನ ಊಟದಲ್ಲಿ ಲೋಟಕ್ಕೆ ಲೋಟ ತಾಗಿಸುವುದಿಲ್ಲ. ಪ್ರತಿಯೊಬ್ಬನೂ ತನ್ನ ಲೋಟವನ್ನು ತನ್ನ ಹತ್ತಿರವೇ ಇಟ್ಟುಕೊಂಡು, ನೆಲಕ್ಕೆ ಒಂದು ಹನಿ ಚೆಲ್ಲಿ, ಒಬ್ಬೊಬ್ಬನೇ ಕುಡಿದ.

ಹೈಕುಷ್ ಬಂದು ಅರ್ಪೆನಿಕ್‌ಳ ಪಕ್ಕ ಕೂತಳು, ಅವಳ ತಟ್ಟೆಗೆ ಹಲ್ವ ಹಾಕಿದಳು.

"ತಿನ್ನು. ಯಾಕೆ, ಮೈ ಸರಿ ಇಲ್ವಾ? ಮುಖ ಸುಣ್ಣ ಆಗಿದೆ."

"ಹೈಕುಷ್ ಅಕ್ಕ, ನಿಮಗೊಂದು ಮಾತು ಹೇಳ್ಬೇಕು. ಎಲ್ಲರೂ ಹೋದ್ಮೇಲೆ."

"ಈಗ್ಲೇ ಹೇಳು. ಇಲ್ಲಿರೋರು ಯಾರು, ಎಲ್ಲ ನಮ್ಮೋರೇ."

"ಆ ತಂತಿ ವಿಷಯ."

"ಓ, ತಂತಿ." ಹೈಕುಷ್ ಕೈ ಬೀಸಿದಳು, ನೊಣ ಓಡಿಸುವ ಹಾಗೆ. "ಬಿಚ್ಚಿಕೊಂಡು ಹೋಗ್ಬೇಕಾ? ಹೋಗು. ನಮಗೆ ಯಾಕೆ ಅದು. ಅದಕ್ಕೆ ಪ್ಲಗ್ಗು ಹಾಕದೇ ಎಷ್ಟು ದಿನ ಆಗಿತ್ತೋ."

ಅರ್ಪೆನಿಕ್‌ಗೆ ಅರ್ಥವಾಗಲಿಲ್ಲ. "ಹಾಕದೇ?"

"ಅವನೇ ಕಿತ್ತಿಟ್ಟಿದ್ದ, ಸಾಯೋದಕ್ಕೆ ಸುಮಾರು ದಿನ ಮುಂಚೆ. ನೀನು ಮೆಟ್ಟಿಲ ಹತ್ರ ಅಂದಿದ್ಯಂತೆ, ನಿಮ್ಮ ಹೀಟರು ದಿನಾ ಸಂಜೆ ನನ್ನ ಹರಳನ್ನ ಕಚ್ಚತ್ತೆ ದೊಡ್ಡಪ್ಪ ಅಂತ. ಒಳಗೆ ಬಂದೋನೇ ಪ್ಲಗ್ಗು ಕಿತ್ತ. ನಾನು ಬೈದೆ. ಆ ಹುಡುಗಿ ತಮಾಷೆಗೆ ಅಂದಿರ್ತಾಳೆ, ನೀನು ಸಾಯ್ತೀಯ, ಹಾಕೋ ಅಂದೆ. ಕೇಳಬೇಕಲ್ಲ. ಕೋಟು ಹಾಕ್ಕೊಂಡೇ ಕೂತ, ಕೋಟು ಹಾಕ್ಕೊಂಡೇ ಮಲಗಿದ. ಎದೆ ಕಟ್ಟಿ ಕೆಮ್ಮೋಕೆ ಶುರುವಾದ್ಮೇಲೂ ಹಾಕ್ಲಿಲ್ಲ. ನಾನು ಕದ್ದು ಹಾಕಿದ್ರೆ ಎದ್ದು ಬಂದು ಕೀಳೋನು. ಆ ಹರಳು ಸರಿಯಾಗಿ ಬಂದ್ರೆ ಸಂಸ್ಥೆ ಉಳಿಯತ್ತೆ, ಮತ್ತೆ ಬಸ್ಸು ಓಡತ್ತೆ, ನಡುವೆ ನಂದೊಂದು ಹೀಟರು ಯಾಕೆ ಅನ್ನೋನು. ನಿನಗೆ ಹೇಳ್ಬೇಡ ಅಂತ ಆಣೆ ಹಾಕಿಸಿದ್ದ, ಬೇಜಾರು ಮಾಡ್ಕೋತಾಳೆ ಅಂತ. ಇವತ್ತು ನಲವತ್ತು ತುಂಬಿತಲ್ಲ, ಇನ್ನು ಆಣೆ ಏನು."

ಆ ಮಾತನ್ನು ಅರ್ಪೆನಿಕ್ ಮರೆತೇಬಿಟ್ಟಿದ್ದಳು. ಈಗ ನೆನಪಾಯಿತು. ಇಡೀ ದಿನದ ಪಾಳಿ ಮುಗಿಸಿ ಬಂದ ಸಂಜೆ, ನಿದ್ದೆಯಿಲ್ಲದೆ ಸಿಡುಕು, ಅವನು ಎಂದಿನ ಹಾಗೆ ಮೂಲಂಗಿಯ ವಿಷಯ ಕೇಳಿದ್ದ, ಇವಳು ಮೆಟ್ಟಿಲ ಮೇಲೆ ನಿಲ್ಲದೆಯೇ ಭುಜದ ಮೇಲಿಂದ ಅದನ್ನು ಎಸೆದಿದ್ದಳು, ಎಸೆದು ನಕ್ಕಿದ್ದಳು. ಅವನೂ ನಕ್ಕಿದ್ದ. ನಲವತ್ತು ದಿನ ಅವಳು ತಂತಿ ಕಡಿದ ಕೈಯನ್ನು ಶಪಿಸಿಕೊಂಡು ಬಂದಿದ್ದಳು. ಆ ಕೈ ಸತ್ತ ತಂತಿಯನ್ನು ಕಡಿದಿತ್ತು, ಅದರಿಂದ ಯಾರ ಕೂದಲೂ ಕೊಂಕಿರಲಿಲ್ಲ. ಕೊಂದದ್ದು ನಡೆದುಹೋಗುತ್ತ ಆಡಿದ ಒಂದು ಸುಳ್ಳು ಮಾತು. ಸುಳ್ಳೆಂದು ಅವಳಿಗೂ ಗೊತ್ತಿರಲಿಲ್ಲ, ಇವತ್ತು ಬೆಳಿಗ್ಗೆವರೆಗೆ. ಅವನು ಆ ಮಾತನ್ನು ನಂಬಿ ಅದರೊಳಗೆ ಕೋಟು ಹಾಕಿಕೊಂಡು ಕೂತಿದ್ದ. ಸಂಜೆ ಅವನು ಇಲ್ಲಿ ಚಳಿಗೆ ಹಲ್ಲು ಕಟಕಟಿಸುತ್ತ ಕೂತಿರುವಾಗ ಇವರು ಅಲ್ಲಿ ಕುಲುಮೆಯ ಕೋಣೆಯಲ್ಲಿ ನೊರೆ ಉಕ್ಕುವುದನ್ನು ನೋಡುತ್ತಿದ್ದರು. ಹೇಳಬೇಕು ಅಂದುಕೊಂಡು ಬಂದದ್ದೆಲ್ಲ ಅವಳ ಬಾಯಲ್ಲಿ ನಿರುಪಯೋಗಿಯಾಗಿ ಹೋಯಿತು. ಏನು ಹೇಳುವುದು? ಹೀಟರಲ್ಲ, ನಮ್ಮ ಕಾಫಿ, ಎಂದೇ?

"ಅಳ್ಬೇಡ, ನಿನ್ನ ನೋವು ನನಗಿರಲಿ," ಎಂದಳು ಹೈಕುಷ್. "ನಿನ್ನ ಅಳಿಸೋಕೆ ಹೇಳ್ಲಿಲ್ಲ ನಾನು. ಅದೊಂದು ಹೇಳು ನನಗೆ. ಕೇಳ್ಬೇಕು ಕೇಳ್ಬೇಕು ಅಂತ ಕಾಯ್ತಿದ್ದೆ, ಇವತ್ತು ಉಜ್ಜಿ ಬರತ್ತೆ ಅಂತ ನೊರೈರ್ ಹೇಳಿದ್ದ. ನೆಟ್ಟಗೆ ಬಂತಾ ಹರಳು?"

ತುದಿಯಲ್ಲಿ ಕೂತಿದ್ದ ನೊರೈರ್ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನ ಮುಖದಿಂದ ನಗು ಪೂರ್ತಿ ಇಳಿದುಹೋಗಿತ್ತು. ಅವನು ತನ್ನ ತಟ್ಟೆಯನ್ನು ನೋಡುತ್ತ ಕೂತ. ಹೈಕುಷ್ ಕಾಯುತ್ತಿದ್ದಳು. ಅವಳ ಮುಖದಲ್ಲಿ ಆಪಾದನೆಯ ಒಂದು ಎಳೆಯೂ ಇರಲಿಲ್ಲ. ಪರೀಕ್ಷೆ ಬರೆದು ಬಂದ ಮಗನನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳುವ ತಾಯಿಯ ಮುಖ ಅದು.

"ಬಂತು," ಎಂದಳು ಅರ್ಪೆನಿಕ್.

"ಪೂರ್ತಿ?"

"ಪೂರ್ತಿ. ದೊಡ್ಡಪ್ಪ ಪ್ಲಗ್ಗು ಕಿತ್ತ ಆ ಸಂಜೆಯಿಂದ ಆಚೆಗೆ ಒಂದು ಗೆರೆ ಇಲ್ಲ ಅಕ್ಕ. ನೀರಿನ ಹಾಗಿದೆ."

ಹೈಕುಷ್ ತಮ್ಮನ ಕಡೆ ತಿರುಗಿದಳು. "ಕೇಳಿದ್ಯೇನೋ? ಬಂತಂತೆ. ನೀರಿನ ಹಾಗೆ ಬಂತಂತೆ." ಅಷ್ಟು ಹೇಳಿ ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಭುಜ ಅದುರಿತು. ಆಮೇಲೆ ಕೈ ದಾಟಿ ಅಳು ಬಂತು, ದೊಡ್ಡ, ಒರಟು ಅಳು, ನಲವತ್ತು ದಿನದ್ದು. ಹೆಂಗಸರು ಎದ್ದು ಬಂದು ಅವಳನ್ನು ಹಿಡಿದುಕೊಂಡರು. ಅಳುತ್ತಲೇ ಅವಳು ನಗುತ್ತಿದ್ದಳು, ಅರ್ಪೆನಿಕ್‌ಳ ಸ್ವಚ್ಛವಾದ ತಲೆಯನ್ನು ಎದೆಗೆ ಒತ್ತಿಕೊಂಡು, "ಹುಚ್ಚ, ಹುಚ್ಚ, ಹುಚ್ಚ ಮುದುಕ, ಮಾಡೇಬಿಟ್ಟ," ಅನ್ನುತ್ತಿದ್ದಳು. ಗಡ್ಡದ ತಮ್ಮ ಎದ್ದು ನಿಂತ. ಅವನ ಕಣ್ಣು ತುಂಬಿತ್ತು. ಎಲ್ಲಿ ನಿಂತಿದ್ದೇನೆ ಅನ್ನುವುದನ್ನೇ ಮರೆತು ಅವನು ಮೇಜಿನ ಮೇಲೆ ಬಗ್ಗಿ, ಮದುವೆ ಮನೆಯಲ್ಲಿ ಮಾಡುವ ಹಾಗೆ, ತನ್ನ ಲೋಟವನ್ನು ಅರ್ಪೆನಿಕ್‌ಳ ಲೋಟಕ್ಕೆ ತಾಗಿಸಿದ. ಆ ಸದ್ದು ಕೋಣೆಯಲ್ಲಿ ಎಲ್ಲರಿಗೂ ಕೇಳಿಸಿತು. ಯಾರೂ ಅವನನ್ನು ತಡೆಯಲಿಲ್ಲ. ಇನ್ನೊಂದು ಲೋಟ ಮುಂದೆ ಬಂತು, ಮತ್ತೊಂದು ಬಂತು, ಅವಳು ಲೋಟವನ್ನು ಗಟ್ಟಿಯಾಗಿ ಹಿಡಿದುಕೊಂಡು ಎಲ್ಲರಿಗೂ ತಾಗಿಸಿದಳು.